‘ಗ್ಯಾಸ್ ಹೋಗದೆ’ ಅಂದರೆ ಸಾಲದು, ತೂತು ಎಲ್ಲಿದೆ ಹೇಳಿ

ಫ್ರಿಜ್ ತಣ್ಣಗಾಗುತ್ತಿಲ್ಲ ಎಂದು ಕರೆದರೆ ಬಂದವರ ಬಾಯಿಂದ ಹೆಚ್ಚಾಗಿ ಬರುವ ಮೊದಲ ಮಾತು ‘ಗ್ಯಾಸ್ ಖಾಲಿ ಆಗೋಗದೆ ಕಣಕ್ಕ’. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಅಡುಗೆ ಸಿಲಿಂಡರ್ ತಿಂಗಳಿಗೋ ಎರಡು ತಿಂಗಳಿಗೋ ಖಾಲಿಯಾಗುವಂತೆ ಫ್ರಿಜ್‌ನ ಗ್ಯಾಸೂ ಬಳಸಿದಷ್ಟು ಖರ್ಚಾಗುತ್ತದೆ ಎಂದು ನಂಬಿಕೊಂಡು, ಹೇಳಿದಷ್ಟು ದುಡ್ಡು ಕೊಟ್ಟು ತುಂಬಿಸಿಕೊಳ್ಳುತ್ತೇವೆ. ಆದರೆ ಫ್ರಿಜ್‌ನ ಗ್ಯಾಸ್ ಖರ್ಚಾಗುವ ವಸ್ತುವೇ ಅಲ್ಲ. ಕಂಪ್ರೆಸರ್, ಹಿಂಬದಿಯ ಕಾಯಿಲ್, ಫ್ರೀಜರ್‌ನ ಗೋಡೆಯೊಳಗಿನ ನಾಳ, ಇಷ್ಟನ್ನು ಬೆಸುಗೆ ಹಾಕಿ ಮುಚ್ಚಿದ ಒಂದು ಸುತ್ತಿನೊಳಗೆ ಅದು ತಿರುಗುತ್ತಲೇ ಇರುತ್ತದೆ. ಕಾರ್ಖಾನೆಯಲ್ಲಿ ತುಂಬಿದ ಹತ್ತಾರು ಗ್ರಾಂ ಗ್ಯಾಸ್ ಇಪ್ಪತ್ತು ವರ್ಷವಾದರೂ ಹಾಗೆಯೇ ಉಳಿಯಬೇಕು. ಹೋಗಿದೆ ಎಂದಾದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ಆ ತೂತನ್ನು ಹುಡುಕದೆ ಗ್ಯಾಸ್ ತುಂಬಿದರೆ ಅದು ರಿಪೇರಿಯಲ್ಲ, ಮುಂದಿನ ರಿಪೇರಿಗೆ ಅಡ್ವಾನ್ಸ್ ಬುಕಿಂಗ್.

ಇಲ್ಲಿ ನಾನು ಹೇಳಹೊರಟಿರುವುದು ಮೆಕ್ಯಾನಿಕ್‌ಗಳ ಮೇಲಿನ ದೂರಲ್ಲ. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಕೆಡುವ ಫ್ರಿಜ್‌ಗಳಲ್ಲಿ ಬಹುಪಾಲು ಕೆಲವು ನೂರು ರೂಪಾಯಿಯ ಭಾಗದಿಂದ ಸರಿಹೋಗುವಂಥವು. ಹಾಗಿದ್ದರೂ ಆ ಮನೆಗಳು ಹೊಸ ಫ್ರಿಜ್‌ಗೆ ತಿಂಗಳ ಕಂತು ಕಟ್ಟುವ ಸ್ಥಿತಿಗೆ ಬಂದು ನಿಲ್ಲುತ್ತವೆ. ನಡುವೆ ತಪ್ಪಿಹೋಗಿರುವುದು ಮೂರು: ಬಿಡಿಭಾಗ, ಮಾಹಿತಿ, ಬರೆದುಕೊಟ್ಟ ಬಿಲ್. ಇವು ಮೂರನ್ನೂ ಕಂಪನಿಯ ಔದಾರ್ಯಕ್ಕೋ ಮೆಕ್ಯಾನಿಕ್‌ನ ಪ್ರಾಮಾಣಿಕತೆಗೋ ಬಿಟ್ಟು ಕೂರುವ ಬದಲು ಕಾನೂನಿನ ಹಕ್ಕಾಗಿ ಕೇಳಬೇಕು ಎಂಬುದು ನನ್ನ ವಾದ.

ಮೊದಲು ಏನು ಕೆಡುತ್ತದೆ ಎಂಬುದನ್ನು ನೋಡೋಣ. ನಮ್ಮಲ್ಲಿ ಹೆಚ್ಚಾಗಿರುವುದು ಒಂದೇ ಬಾಗಿಲಿನ, ಐಸ್ ಕಟ್ಟುವ ಫ್ರಿಜ್. ಅದರ ಫ್ರೀಜರ್‌ನಲ್ಲಿ ವಾರದೊಳಗೆ ಬೆರಳು ದಪ್ಪ ಮಂಜು ಕಟ್ಟಿತು ಎಂದರೆ ಅನುಮಾನ ಮೊದಲು ಬಾಗಿಲಿನ ರಬ್ಬರ್ ಮೇಲೆ ಹೋಗಬೇಕು. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ, ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರ್ ಚೆನ್ನಾಗಿದೆ. ಸಲೀಸಾಗಿ ಜಾರಿ ಬಂದರೆ ಹೊರಗಿನ ಬಿಸಿಗಾಳಿಯೂ ಅಷ್ಟೇ ಸಲೀಸಾಗಿ ಒಳಗೆ ಹೋಗುತ್ತಿದೆ. ಅದರಲ್ಲಿರುವ ತೇವವೇ ಮಂಜಾಗುತ್ತದೆ, ಮಂಜು ನಾಳವನ್ನು ಹೊದ್ದುಕೊಂಡು ಕೆಳಗಿನ ಅರೆಗಳಿಗೆ ತಂಪು ಇಳಿಯದಂತೆ ಮಾಡುತ್ತದೆ. ಫ್ರೀಜರ್‌ನಲ್ಲಿ ಕಲ್ಲಿನಂಥ ಐಸ್, ಕೆಳಗೆ ಹುಳಿಯಾದ ದೋಸೆ ಹಿಟ್ಟು ಎಂಬ ವಿಚಿತ್ರಕ್ಕೆ ಇದೂ ಒಂದು ಕಾರಣ. ಎರಡು ಬಾಗಿಲಿನ, ಐಸ್ ಕಟ್ಟದ ಫ್ರಿಜ್ ಆದರೆ ಕಥೆ ಬೇರೆ. ಅಲ್ಲಿ ಮಂಜನ್ನು ಆಗಾಗ ಕರಗಿಸುವ ಹೀಟರ್, ಅದನ್ನು ನಡೆಸುವ ಟೈಮರ್ ಅಥವಾ ಸೆನ್ಸರ್, ತಂಪುಗಾಳಿ ತಳ್ಳುವ ಸಣ್ಣ ಫ್ಯಾನ್ ಇರುತ್ತವೆ. ಇವುಗಳಲ್ಲಿ ಒಂದು ಕೈಕೊಟ್ಟರೂ ಮೇಲಿನ ಫ್ರೀಜರ್ ತಣ್ಣಗಿದ್ದು ಕೆಳಭಾಗ ಬೆಚ್ಚಗಾಗುತ್ತದೆ. ತರಕಾರಿ ಟ್ರೇಯಲ್ಲಿ ನೀರು ನಿಂತರೆ ಹೆಚ್ಚಿನ ಸಲ ಕರಗಿದ ನೀರು ಇಳಿದುಹೋಗುವ ರಂಧ್ರಕ್ಕೆ ಕೊತ್ತಂಬರಿ ಎಲೆಯೋ ಅನ್ನದ ಅಗುಳೋ ಸಿಕ್ಕಿಕೊಂಡಿರುತ್ತದೆ. ಫ್ರಿಜ್‌ನ ಹಿಂದಿನಿಂದ ಕೆಲವು ನಿಮಿಷಕ್ಕೊಮ್ಮೆ ‘ಟಕ್’ ಎಂಬ ಸದ್ದು ಬಂದು ಮತ್ತೆ ಮೌನವಾದರೆ, ಕಂಪ್ರೆಸರ್ ಏಳಲು ಹೆಣಗಿ ಸೋಲುತ್ತಿದೆ, ಓವರ್‌ಲೋಡ್ ಸ್ವಿಚ್ ಅದನ್ನು ಸುಡದಂತೆ ಕಾಪಾಡುತ್ತಿದೆ ಎಂದರ್ಥ. ಕಂಪ್ರೆಸರ್ ಸತ್ತೇಹೋಯಿತು ಎಂದು ತೀರ್ಮಾನಿಸುವ ಮೊದಲು ಅದರ ಪಕ್ಕದ ಅಂಗೈಯಲ್ಲಿ ಹಿಡಿಯುವಷ್ಟು ರಿಲೇ ಮತ್ತು ಕೆಪಾಸಿಟರ್ ಬದಲಿಸಿ ನೋಡಬೇಕು. ಆ ಡಬ್ಬಿಯೊಳಗೆ ಜಿರಲೆ ಸಂಸಾರ ಹೂಡಿ ಕನೆಕ್ಷನ್ ಕೆಟ್ಟಿರುವುದೂ ಅಪರೂಪವಲ್ಲ.

ಇಷ್ಟರಲ್ಲಿ ಯಾವುದಕ್ಕೂ ಗ್ಯಾಸ್ ಸಂಬಂಧವಿಲ್ಲ ಎಂಬುದನ್ನು ಗಮನಿಸಿ. ಗ್ಯಾಸ್ ನಿಜಕ್ಕೂ ಹೋಗುವ ಸಂದರ್ಭಗಳಿವೆ, ಅವುಗಳಲ್ಲೊಂದಕ್ಕೆ ನಾವೇ ಹೊಣೆ. ಅವರೆ ಕಾಲದಲ್ಲಿ ಹಿತಕಿದ ಬೇಳೆಯನ್ನು ಪೊಟ್ಟಣ ಕಟ್ಟಿ ಫ್ರೀಜರ್‌ಗೆ ತುಂಬುತ್ತೇವೆ. ಹಬ್ಬದ ಮಾರನೆಯ ದಿನ ಉಳಿದ ಬಾಡೂ ಅಲ್ಲಿಗೇ ಹೋಗುತ್ತದೆ. ಮಂಜು ಕಟ್ಟಿ ಪೊಟ್ಟಣ ಅಂಟಿಕೊಂಡಾಗ ಕೈಗೆ ಸಿಗುವುದು ತರಕಾರಿ ಹೆಚ್ಚುವ ಚಾಕು. ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಆ ಫ್ರೀಜರ್ ಡಬ್ಬಿಯ ಗೋಡೆಯೇ ಗ್ಯಾಸ್ ಹರಿಯುವ ನಾಳ. ತೆಳ್ಳನೆಯ ಎರಡು ಅಲ್ಯೂಮಿನಿಯಂ ಹಾಳೆ ಬೆಸೆದು, ನಡುವೆ ದಾರಿ ಬಿಟ್ಟು ಮಾಡಿದ್ದು. ಚಾಕುವಿನ ತುದಿ ತಾಗಿದರೆ ‘ಸುಯ್’ ಎಂಬ ಸದ್ದು, ಅಷ್ಟೆ. ಸ್ವಿಚ್ ಆರಿಸಿ, ಬಾಗಿಲು ತೆರೆದು, ಒಂದು ಪಾತ್ರೆ ಬಿಸಿನೀರಿಟ್ಟು ಅರ್ಧ ಗಂಟೆ ಕಾಯುವ ಸಹನೆ ಇದ್ದಿದ್ದರೆ ಉಳಿಯುತ್ತಿತ್ತು. ಇಂಥ ತೂತನ್ನು ಮುಚ್ಚಲು ಸಾಧ್ಯವಿದೆ, ಆದರೆ ಅದಕ್ಕೊಂದು ಕ್ರಮವಿದೆ. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು, ಮುಚ್ಚಬೇಕು, ಫಿಲ್ಟರ್ ಬದಲಿಸಬೇಕು, ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆದು ತೆಗೆಯಬೇಕು, ಕೊನೆಗೆ ತಕ್ಕಡಿಯಲ್ಲಿ ತೂಗಿ ಕಂಪನಿ ಬರೆದಷ್ಟೇ ಗ್ರಾಂ ಗ್ಯಾಸ್ ಬಿಡಬೇಕು. ಇಪ್ಪತ್ತು ನಿಮಿಷದಲ್ಲಿ ಗ್ಯಾಸ್ ತುಂಬಿ ಹೋದವರು ಇವುಗಳಲ್ಲಿ ಎಷ್ಟು ಮಾಡಿದರು ಎಂಬ ಲೆಕ್ಕವನ್ನು ಮನೆಯವರೇ ಹಾಕಿಕೊಳ್ಳಬಹುದು.

ಇನ್ನು ಕರೆಂಟಿನ ಮಾತು. ಮಳವಳ್ಳಿ ತಾಲ್ಲೂಕಿನ ಅಂಚಿನ, ಶಿವನಸಮುದ್ರದ ಬ್ಲಫ್‌ನ ಹೆಸರು ಹೇಳದೆ ಈ ಭಾಗದಲ್ಲಿ ವಿದ್ಯುತ್ತಿನ ಬಗ್ಗೆ ಬರೆಯಲಾಗದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯಿಂದ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ದೂರದ ಆ ತಂತಿ ಮಾರ್ಗ ಅಂದಿಗೆ ಜಗತ್ತಿನಲ್ಲೇ ಅತಿ ಉದ್ದದವುಗಳಲ್ಲೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅದೂ ಇಲ್ಲಿಂದಲೇ. 1940ರಲ್ಲಿ ಪಕ್ಕದ ಶಿಂಷಾ ಕೇಂದ್ರವೂ ಸೇರಿಕೊಂಡಿತು. ಈ ಚರಿತ್ರೆಯನ್ನು ಹೆಮ್ಮೆಯಿಂದ ಹೇಳುವಾಗ ಒಂದು ಸಂಗತಿಯನ್ನು ಮರೆಯುತ್ತೇವೆ. ಬ್ಲಫ್‌ನ ವಿದ್ಯುತ್ ಕೇಂದ್ರ ಶತಮಾನ ದಾಟಿ ಬಾಳಿರುವುದು ಕೆಟ್ಟದ್ದನ್ನೆಲ್ಲ ಎಸೆದು ಹೊಸದು ತಂದದ್ದರಿಂದಲ್ಲ. ಬಿಚ್ಚಿ, ತೊಳೆದು, ಸುತ್ತಿ, ಬೇರಿಂಗ್ ಬದಲಿಸಿ, ಅಗತ್ಯ ಬಿದ್ದಾಗ ನವೀಕರಿಸಿ ಯಂತ್ರಗಳನ್ನು ದಶಕಗಟ್ಟಲೆ ದುಡಿಸಿದ್ದರಿಂದ. ಅದಕ್ಕೆ ಬೇಕಾದ ನಕ್ಷೆ, ಭಾಗ, ಕೈ ಮೂರೂ ಕೇಂದ್ರದವರ ಬಳಿ ಇದ್ದವು. ಆ ಮೂರನ್ನೇ ಇಂದು ಮಳವಳ್ಳಿಯ ಫ್ರಿಜ್ ಮೆಕ್ಯಾನಿಕ್ ಕೇಳುತ್ತಿರುವುದು.

ವಿದ್ಯುತ್ ಹುಟ್ಟುವ ನೆಲದಲ್ಲೇ ಇದ್ದ ಮಾತ್ರಕ್ಕೆ ಮನೆಯ ಪ್ಲಗ್‌ಗೆ ಒಳ್ಳೆಯ ವೋಲ್ಟೇಜ್ ಬರುತ್ತದೆ ಎಂದೇನಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಹೋದಂತೆ, ಲೈನಿನ ಮೇಲೆ ಭಾರ ಹೆಚ್ಚಿದಂತೆ ವೋಲ್ಟೇಜ್ ಇಳಿಯುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಮತ್ತು ಮನೆಗಳ ಫೀಡರ್ ಬೇರೆಯಾದ ಕಡೆ ಸ್ಥಿತಿ ಸುಧಾರಿಸಿದ್ದು ನಿಜ. ಆದರೂ ಊರ ಕೊನೆಯ ಮನೆಗೆ, ಗದ್ದೆ ಬದಿಯ ಒಂಟಿ ಮನೆಗೆ ತೊಂದರೆ ಪೂರ್ತಿ ತಪ್ಪಿಲ್ಲ. 230 ವೋಲ್ಟ್‌ನಲ್ಲಿ ಶೇ. 6ರಷ್ಟು ಏರಿಳಿತಕ್ಕೆ ನಿಯಮದಲ್ಲೇ ಅವಕಾಶವಿದೆ, ಅಂದರೆ ಸರಿಸುಮಾರು 216ರಿಂದ 244. ಅದಕ್ಕಿಂತ ಬಹಳ ಕೆಳಗಿಳಿದರೆ ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ, ಅವಕ್ಕೆ ಹಾನಿಯೇನಿಲ್ಲ. ಕಂಪ್ರೆಸರ್ ಮಾತ್ರ ಎದ್ದೇಳಲಾಗದೆ ಒಂದೇ ಸಮನೆ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಇನ್ನೊಂದು ಅಪಾಯ ಕರೆಂಟ್ ಹೋಗಿ ನಿಮಿಷದೊಳಗೆ ಮರಳುವುದು. ನಿಂತ ಕಂಪ್ರೆಸರ್‌ನ ಒಂದು ಬದಿಯಲ್ಲಿ ಒತ್ತಡ ಇನ್ನೂ ಇಳಿದಿರುವುದಿಲ್ಲ. ಅದನ್ನು ಎದುರಿಸಿ ಏಳುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಹರಿದು ಸುರುಳಿ ಬಿಸಿಯಾಗುತ್ತದೆ. ಮೂರು ನಿಮಿಷ ತಡೆದು ಕರೆಂಟ್ ಬಿಡುವ ಸ್ಟೆಬಿಲೈಜರ್ ಇದಕ್ಕೆಂದೇ ಇರುವುದು. ‘ಸ್ಟೆಬಿಲೈಜರ್ ಬೇಡದ ಫ್ರಿಜ್’ ಎಂದು ಮಾರುವವರು ಎಷ್ಟು ವೋಲ್ಟ್‌ನಿಂದ ಎಷ್ಟು ವೋಲ್ಟ್‌ವರೆಗೆ ಎಂಬುದನ್ನು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಊರ ಕೊನೆಯ ಮನೆಯವರು ಆ ಅಂಕಿಯನ್ನು ಓದದೆ ಕೊಳ್ಳಬಾರದು. ವೋಲ್ಟೇಜ್ ದೂರನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ನಾವೆಲ್ಲ ಸೆಸ್ಕ್ ಎನ್ನುವ ಕಚೇರಿಗೆ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದೂ ಅಷ್ಟೇ ಮುಖ್ಯ. 2020ರ ಡಿಸೆಂಬರ್ 31ರಂದು ಹೊರಟ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಸೇವೆಯ ಗುಣಮಟ್ಟ ತಪ್ಪಿದರೆ ಪರಿಹಾರದ ಮಾತಾಡುತ್ತವೆ. ಬಾಯಿಮಾತಿನಲ್ಲಿ ಲೈನ್‌ಮನ್‌ಗೆ ಹೇಳಿದ ದೂರಿಗೆ ಮಾತ್ರ ಯಾವ ನಿಯಮವೂ ಕೆಲಸಕ್ಕೆ ಬಾರದು.

ಈಗ ರಿಪೇರಿ ಎಲ್ಲಿ ನಿಂತುಹೋಗುತ್ತದೆ ಎಂಬ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಫ್ರಿಜ್‌ನ ಥರ್ಮೋಸ್ಟ್ಯಾಟ್, ರಿಲೇ ಇವೆಲ್ಲ ಯಾವ ಕಂಪನಿಯದಾದರೂ ಒಂದಕ್ಕೊಂದು ಹೊಂದುತ್ತಿದ್ದವು. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತಿದ್ದವು. ಈಗಿನ ಇನ್ವರ್ಟರ್ ಫ್ರಿಜ್‌ನಲ್ಲಿ ಕಂಪ್ರೆಸರ್ ನಡೆಸುವುದು ಒಂದು ಎಲೆಕ್ಟ್ರಾನಿಕ್ ಬೋರ್ಡ್. ಅದು ಆ ಕಂಪನಿಯ ಆ ಮಾಡೆಲ್‌ಗೆ ಮಾತ್ರ. ಸಿಡಿಲಿಗೋ ವೋಲ್ಟೇಜ್ ಏರಿಕೆಗೋ ಬೋರ್ಡ್ ಸುಟ್ಟರೆ ಮಳವಳ್ಳಿಯ ಮೆಕ್ಯಾನಿಕ್‌ಗೆ ಬೋರ್ಡೂ ಸಿಗದು, ಮುಂಭಾಗದಲ್ಲಿ ಮಿನುಗುವ ತಪ್ಪಿನ ಸಂಕೇತಕ್ಕೆ ಅರ್ಥವೇನೆಂಬ ಪುಸ್ತಕವೂ ಸಿಗದು. ಕಂಪನಿಯ ಸರ್ವಿಸ್‌ನವರು ಸಾಮಾನ್ಯವಾಗಿ ಮಂಡ್ಯದಿಂದಲೋ ಮೈಸೂರಿನಿಂದಲೋ ಬರಬೇಕು. ಬಂದು ನೋಡಿದ್ದಕ್ಕೆ ಒಂದು ಚಾರ್ಜ್, ಮತ್ತೊಮ್ಮೆ ಭಾಗದೊಂದಿಗೆ ಬರಲು ಒಂದು ವಾರ, ಅಷ್ಟರಲ್ಲಿ ಹಾಲು, ಹಿಟ್ಟು, ಮೀನು ಹಾಳು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಇನ್ಸುಲಿನ್ ಬಾಟಲಿ ಇಟ್ಟಿದ್ದರೆ ಆ ವಾರ ಬೇರೆಯದೇ ಚಿಂತೆ, ಏಕೆಂದರೆ ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಆಮೇಲೆ ಬರುವ ಮಾತು ಎಲ್ಲರಿಗೂ ಗೊತ್ತು: ‘ಈ ಮಾಡೆಲ್ ನಿಂತಿದೆ ಸಾರ್, ಪಾರ್ಟ್ ಬರ್ತಿಲ್ಲ. ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಂಡ್ಬಿಡಿ’.

ವಾರಂಟಿಯ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಫ್ರಿಜ್ ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿರುವ ‘10 ವರ್ಷ’ ಸಾಮಾನ್ಯವಾಗಿ ಇಡೀ ಫ್ರಿಜ್‌ಗಲ್ಲ, ಕಂಪ್ರೆಸರ್ ಒಂದಕ್ಕೆ. ಉಳಿದದ್ದಕ್ಕೆ ಒಂದೇ ವರ್ಷ ಇರುವುದು ಹೆಚ್ಚು. ಆರನೇ ವರ್ಷದಲ್ಲಿ ಕಂಪ್ರೆಸರ್ ಕೆಟ್ಟರೆ ಕಂಪ್ರೆಸರ್ ಪುಕ್ಕಟೆ. ಗ್ಯಾಸ್, ಫಿಲ್ಟರ್, ಬೆಸುಗೆ, ಕೂಲಿ, ಬಂದುಹೋಗುವ ಖರ್ಚು ಗ್ರಾಹಕನದು ಎಂಬ ಷರತ್ತು ಕಾರ್ಡಿನಲ್ಲಿರುತ್ತದೆ. ಬೋರ್ಡ್ ಕೆಟ್ಟರೆ ಆ ಹತ್ತು ವರ್ಷಕ್ಕೂ ಅದಕ್ಕೂ ಸಂಬಂಧವೇ ಇರದು. ಕಂಪ್ರೆಸರ್ ಫ್ರಿಜ್‌ನಲ್ಲಿ ಅತ್ಯಂತ ಗಟ್ಟಿಯಾದ ಭಾಗ. ಅತಿ ಕಡಿಮೆ ಕೆಡುವುದಕ್ಕೆ ಅತಿ ಹೆಚ್ಚು ವರ್ಷದ ಭರವಸೆ ಕೊಡುವುದು ಜಾಣ ವ್ಯಾಪಾರ. ಗ್ರಾಹಕ ಕೇಳಬೇಕಾದದ್ದು ಬೋರ್ಡ್, ಸೆನ್ಸರ್, ರಬ್ಬರ್ ಎಷ್ಟು ವರ್ಷ ಸಿಗುತ್ತವೆ ಎಂಬುದನ್ನು. ಈ ಪ್ರಶ್ನೆಗೆ ಉತ್ತರ ಬರೆದುಕೊಡುವ ಅಂಗಡಿ ನಮ್ಮ ಪೇಟೆಗಳಲ್ಲಿ ಸಿಗುವುದು ಕಷ್ಟ.

ನನ್ನ ವಾದಕ್ಕೆ ಮೊದಲ ಆಕ್ಷೇಪಣೆ ಎಲ್ಲರ ನಾಲಗೆಯ ತುದಿಯಲ್ಲೇ ಇದೆ: ಕಂಪನಿಗಳನ್ನೇ ಏಕೆ ಬೈಯುವುದು, ಲೋಕಲ್ ಮೆಕ್ಯಾನಿಕ್‌ಗಳು ಮೋಸ ಮಾಡುವುದಿಲ್ಲವೇ? ಮಾಡುವವರಿದ್ದಾರೆ. ಒಳ್ಳೆಯ ಕಂಪ್ರೆಸರ್ ಬಿಚ್ಚಿ ಹಳೆಯದು ಹಾಕಿದರು ಎಂಬ ಅನುಮಾನ, ಹೋದ ಭಾಗ ತೋರಿಸದೆ ದುಡ್ಡು ಕೇಳಿದರು ಎಂಬ ಸಿಟ್ಟು ಸುಳ್ಳಲ್ಲ. ಆದರೆ ಮಾಹಿತಿಯನ್ನು ಮುಚ್ಚಿಟ್ಟಷ್ಟೂ ಮೋಸಕ್ಕೆ ಜಾಗ ಹೆಚ್ಚುತ್ತದೆ. ಭಾಗದ ಹೆಸರು ಮತ್ತು ಬೆಲೆ ಕಂಪನಿಯ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಕಾಣುವಂತಿದ್ದರೆ ಮುನ್ನೂರರ ರಿಲೇಗೆ ಎರಡು ಸಾವಿರ ಕೇಳುವುದು ಸುಲಭವಲ್ಲ. ಉಳಿದದ್ದು ನಮ್ಮ ಕೈಯಲ್ಲೇ ಇದೆ. ಏನು ಕೆಟ್ಟಿದೆ, ಯಾವ ಭಾಗ ಹಾಕಿದೆ, ಎಷ್ಟು ದಿನ ಹೊಣೆ, ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು, ಬಿಚ್ಚಿದ ಹಳೆಯ ಭಾಗವನ್ನು ಮನೆಯಲ್ಲೇ ಬಿಟ್ಟುಹೋಗಲು ಹೇಳಬೇಕು. ದುಡ್ಡು ಕೊಟ್ಟು ಮಾಡಿಸಿದ ರಿಪೇರಿಯೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯೇ. ಅದರಲ್ಲಿ ಲೋಪವಾದರೆ ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು. ತಯಾರಕರ ಕಚೇರಿ ದೆಹಲಿಯಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಚೀಟಿ ಇಲ್ಲದವರ ಪರ ಯಾವ ಆಯೋಗ ಏನು ಮಾಡೀತು?

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಹಳೆಯ ಫ್ರಿಜ್ ಕರೆಂಟ್ ತಿನ್ನುತ್ತದೆ, ಹೊಸ ಐದು ಸ್ಟಾರಿನದು ತಂದರೆ ಬಿಲ್ಲಿನಲ್ಲೇ ದುಡ್ಡು ವಾಪಸ್ ಬರುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದೇ ಬಾಗಿಲಿನ ಹಳೆಯ ಫ್ರಿಜ್ ವರ್ಷಕ್ಕೆ 350 ಯೂನಿಟ್ ಎಳೆಯುತ್ತದೆ, ಹೊಸದು 200 ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಉಳಿತಾಯ 150 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 900. ಹೊಸದಕ್ಕೆ 15 ಸಾವಿರ ಸುರಿದರೆ ಆ ದುಡ್ಡು ಮರಳಲು 16 ವರ್ಷಕ್ಕೂ ಹೆಚ್ಚು ಬೇಕು. ಈಗಿನ ಫ್ರಿಜ್ ಅಷ್ಟು ಬಾಳುತ್ತದೆ ಎಂದು ಮಾರುವವರೂ ಹೇಳಲಾರರು. ನಿಜವಾಗಿ ಕರೆಂಟ್ ತಿನ್ನುವುದು ಕೆಟ್ಟರೂ ಓಡುತ್ತಿರುವ ಫ್ರಿಜ್. ರಬ್ಬರ್ ಸಡಿಲಾಗಿ ಅಥವಾ ಥರ್ಮೋಸ್ಟ್ಯಾಟ್ ಅಂಟಿಕೊಂಡು 100 ವಾಟ್‌ನ ಕಂಪ್ರೆಸರ್ ಹಗಲಿರುಳು ನಿಲ್ಲದೆ ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಸರಿಯಾಗಿರುವ ಫ್ರಿಜ್ ಅದರ ಅರ್ಧಕ್ಕೂ ಕಡಿಮೆ ಯೂನಿಟ್‌ನಲ್ಲಿ ಮುಗಿಸುವ ಕೆಲಸವದು. ಗೃಹಜ್ಯೋತಿಯ ಮನೆಗಳಿಗೆ ಈ ವ್ಯತ್ಯಾಸ ಇನ್ನೂ ಜೋರಾಗಿ ತಟ್ಟುತ್ತದೆ. 2023ರ ಯೋಜನೆಯಲ್ಲಿ ಪುಕ್ಕಟೆ ಸಿಗುವುದು ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ. ಅದಕ್ಕಿಂತ ಹೆಚ್ಚಾದ ಯೂನಿಟ್‌ಗೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲೇ ಮನೆಯವರ ಮೇಲೆ. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಇದ್ದಕ್ಕಿದ್ದಂತೆ ದುಡ್ಡಿನ ಬಿಲ್ ಬಂದರೆ ಮೀಟರ್ ಓದಿದವರನ್ನು ಗದರುವ ಮೊದಲು ರಾತ್ರಿ ಅಡುಗೆಮನೆಯಲ್ಲಿ ಕಂಪ್ರೆಸರ್ ನಿಲ್ಲುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು.

ಹಾಗೆಂದು ಎಲ್ಲ ಫ್ರಿಜ್ ಉಳಿಸಬೇಕೆಂಬ ಹಟ ನನಗಿಲ್ಲ. ಹದಿನೈದು ವರ್ಷ ದಾಟಿ ಕಂಪ್ರೆಸರ್ ಸುಟ್ಟಿದ್ದರೆ, ಫೋಮ್ ಗೋಡೆಯೊಳಗೆ ನಾಳ ತುಕ್ಕು ಹಿಡಿದು ತೂತು ಎಲ್ಲೆಂದೇ ಗೊತ್ತಾಗದಿದ್ದರೆ, ಅದಕ್ಕೆ ದುಡ್ಡು ಸುರಿಯುವುದು ದಡ್ಡತನ. ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಬಿಟ್ಟುಬಿಡಬಹುದು. ಆದರೆ ಆ ನಿರ್ಧಾರ ಯಾವ ಭಾಗ ಕೆಟ್ಟಿದೆ ಎಂದು ತಿಳಿದ ಮೇಲೆ ಆಗಬೇಕು. ಈಗ ಆಗುತ್ತಿರುವುದು ಭಾಗ ಸಿಗದು ಎಂದು ತಿಳಿದ ಮೇಲೆ.

ಮೂರನೆಯದು ಸುರಕ್ಷತೆಯ ಪ್ರಶ್ನೆ. ಕಂಪನಿಗಳು ಇದನ್ನು ಮುಂದಿಟ್ಟಾಗ ತಳ್ಳಿಹಾಕುವಂತಿಲ್ಲ. ಓಜೋನ್ ಪದರಕ್ಕೆ ಹಾನಿ ಮಾಡುತ್ತಿದ್ದ ಹಳೆಯ ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತ 2010ರ ಹೊತ್ತಿಗೆ ನಿಲ್ಲಿಸಿತು. ನಡುವೆ ಬಂದ ಆರ್-134ಎ ಓಜೋನ್‌ಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿದ್ದು. ಈಗಿನ ಮನೆ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಪರಿಸರಕ್ಕೆ ಒಳ್ಳೆಯದು, ಆದರೆ ಅಡುಗೆ ಗ್ಯಾಸ್‌ನ ಬಳಗದ್ದೇ, ಬೆಂಕಿಗೆ ಹತ್ತಿಕೊಳ್ಳುವಂಥದ್ದು. ಕಂಪ್ರೆಸರ್ ಮೇಲೆ ಜ್ವಾಲೆಯ ಗುರುತಿರುವುದು ಅದಕ್ಕೇ. ಇಂಥ ಫ್ರಿಜ್‌ನ ನಾಳವನ್ನು ಕಿಟಕಿ ಮುಚ್ಚಿದ ಕಿರಿದಾದ ಅಡುಗೆಮನೆಯಲ್ಲಿ, ಒಳಗಿನ ಗ್ಯಾಸ್ ಹೊರಗೆ ಬಿಡದೆ, ಬೆಂಕಿ ಹಚ್ಚಿ ಬೆಸೆಯಲು ಹೊರಟರೆ ಜೀವಕ್ಕೇ ಅಪಾಯ. ಹಾಗಾದರೆ ಅಧಿಕೃತ ಸರ್ವಿಸ್‌ನವರು ಮಾತ್ರ ಮುಟ್ಟಲಿ ಎನ್ನೋಣವೇ? ತಾಲ್ಲೂಕಿಗೆ ಅಧಿಕೃತರೇ ಇಲ್ಲದಿರುವಾಗ ಹಾಗೆನ್ನುವುದು ಕೆಲಸವನ್ನು ನಿಲ್ಲಿಸುವುದಿಲ್ಲ, ತರಬೇತಿ ಇಲ್ಲದ ಕೈಗೆ ತಳ್ಳುತ್ತದೆ. ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟೆಕ್ನಿಷಿಯನ್ ಎಂಬ ಎರಡು ವರ್ಷದ ಕೋರ್ಸ್ ಇದೆ. ಅಲ್ಲಿ ಕಲಿತು ಬಂದವರ ಜೊತೆಗೆ, ಉಸ್ತಾದನ ಕೈಕೆಳಗೆ ಕಲಿತ ಹಳೆಯ ಮೆಕ್ಯಾನಿಕ್‌ಗಳಿಗೂ ಉರಿಯುವ ಗ್ಯಾಸ್‌ನ ಕೆಲಸಕ್ಕೆ ವಾರದ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ಪಟ್ಟಿಯನ್ನು ತಾಲ್ಲೂಕು ಕಚೇರಿಯಲ್ಲಿ ಅಂಟಿಸುವುದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ತೂಗುವ ತಕ್ಕಡಿ ಮತ್ತು ವ್ಯಾಕ್ಯೂಮ್ ಪಂಪ್ ಕೊಳ್ಳಲು ಸಣ್ಣ ಸಾಲ ಸಿಕ್ಕರೆ ಇನ್ನೂ ಒಳ್ಳೆಯದು.

ಭಾಗಗಳನ್ನು ವರ್ಷಗಟ್ಟಲೆ ದಾಸ್ತಾನು ಮಾಡುವುದು ದುಬಾರಿ, ಆ ಖರ್ಚು ಕೊನೆಗೆ ಫ್ರಿಜ್ ಬೆಲೆಗೇ ಸೇರುತ್ತದೆ ಎಂಬ ವಾದ ಉಳಿಯಿತು. ಇದಕ್ಕೆ ಉತ್ತರವನ್ನು ಊಹಿಸಬೇಕಿಲ್ಲ. ಯುರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಒಂದು ಮಾಡೆಲ್‌ನ ಮಾರಾಟ ನಿಂತ ಮೇಲೂ ಥರ್ಮೋಸ್ಟ್ಯಾಟ್, ಸೆನ್ಸರ್, ಬೋರ್ಡ್‌ಗಳನ್ನು 7 ವರ್ಷ, ಬಾಗಿಲ ರಬ್ಬರನ್ನು 10 ವರ್ಷ ಒದಗಿಸಬೇಕು. ಕೇಳಿದ 15 ಕೆಲಸದ ದಿನಗಳೊಳಗೆ ಕಳಿಸಬೇಕು. ಅಲ್ಲಿಗೂ ಇಲ್ಲಿಗೂ ಫ್ರಿಜ್ ಮಾರುವ ಕಂಪನಿಗಳಿವೆ. ಅಲ್ಲಿ ಆಗುವುದು ಇಲ್ಲಿ ಏಕಾಗದು ಎಂದು ಕೇಳುವುದು ಅತಿಯಾಸೆಯಲ್ಲ. ನಮ್ಮಲ್ಲೂ ಮಾತು ಶುರುವಾಗಿದೆ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ವಾಹನಗಳ ಜೊತೆ ಫ್ರಿಜ್‌ನಂಥ ಗೃಹೋಪಯೋಗಿ ವಸ್ತುಗಳನ್ನೂ ಪಟ್ಟಿಯಲ್ಲಿಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕೊಂದು ಪೋರ್ಟಲ್ ತೆರೆಯಿತು. ಒಂದು ವಸ್ತು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬುದಕ್ಕೆ ಅಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ 2025ರಲ್ಲಿ ವರದಿ ಕೊಟ್ಟಿದೆ, ಆದರೆ ಅದರ ಕಣ್ಣು ಮೊದಲಿಗೆ ನೆಟ್ಟಿರುವುದು ಮೊಬೈಲ್ ಮತ್ತು ಟ್ಯಾಬ್ಲೆಟ್ ಮೇಲೆ. ಇದು ನನಗೆ ಒಪ್ಪಿಗೆಯಾಗದ ಆದ್ಯತೆ. ಮೊಬೈಲ್ ಕೆಟ್ಟರೆ ಪಕ್ಕದ ಮನೆಯವರಿಂದ ಒಂದು ಕರೆ ಮಾಡಬಹುದು. ಪಕ್ಕದ ಮನೆಯ ಫ್ರಿಜ್‌ನಲ್ಲಿ ನಮ್ಮ ವಾರದ ಅಡುಗೆ ಇಡಲಾಗದು. ಪೋರ್ಟಲ್‌ನಲ್ಲಿ ಮಾಹಿತಿ ಹಾಕುವುದು ಕಂಪನಿಯ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿಯುವ ತನಕ ಅದರಿಂದ ಮಳವಳ್ಳಿಗೆ ಒಂದು ರಬ್ಬರ್ ಪಟ್ಟಿಯೂ ಬಾರದು.

ಎಸೆದ ಫ್ರಿಜ್ ಎಲ್ಲಿಗೆ ಹೋಗುತ್ತದೆ ಎಂಬುದೂ ಈ ಲೆಕ್ಕಕ್ಕೆ ಸೇರಬೇಕು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಅದನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಗುಜರಿ ಗಾಡಿಯವರ ಕೈಗೆ ಹೋದ ಫ್ರಿಜ್‌ನಲ್ಲಿ ಬೆಲೆ ಬಾಳುವುದು ತಾಮ್ರ, ಕಂಪ್ರೆಸರ್, ತಗಡು. ನಾಳ ಕತ್ತರಿಸಿದ ಕ್ಷಣ ಗ್ಯಾಸ್ ಗಾಳಿಗೆ, ಗೋಡೆಯ ಫೋಮ್ ಕೆರೆ ಏರಿಗೆ.

ಮಂಡ್ಯ ಜಿಲ್ಲೆಯ ಶಾಸಕರು, ಸಂಸದರು ಸಕ್ಕರೆ ಕಾರ್ಖಾನೆ, ನಾಲೆ ನೀರಿನ ಬಗ್ಗೆ ಸದನದಲ್ಲಿ ಮಾತಾಡುವುದು ಸರಿಯೇ. ಮನೆ ಬಳಕೆಯ ಫ್ರಿಜ್‌ಗೆ ಕನಿಷ್ಠ ಏಳು ವರ್ಷ ಭಾಗ ಒದಗಿಸುವುದನ್ನು ಕಡ್ಡಾಯ ಮಾಡಿ ಎಂದೂ ಒಂದು ಪ್ರಶ್ನೆ ಕೇಳಲಿ. ರಾಜ್ಯ ಸರ್ಕಾರ ತನ್ನ ಐಟಿಐಗಳ ಬಾಗಿಲನ್ನು ಸಂಜೆ ಹೊತ್ತು ಮೆಕ್ಯಾನಿಕ್‌ಗಳಿಗೆ ತೆರೆಯಲಿ. ಓದುಗರು ಮಾಡಬೇಕಾದದ್ದು ಇದಕ್ಕಿಂತ ಸುಲಭ. ಹೊಸ ಫ್ರಿಜ್ ಕೊಳ್ಳುವ ಮೊದಲು ಬೋರ್ಡ್ ಮತ್ತು ರಬ್ಬರ್ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ, ಉತ್ತರವನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲೊಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಮನೆಗೆ ಬಂದವರು ಗ್ಯಾಸ್ ಹೋಗಿದೆ ಎಂದರೆ ತೂತು ತೋರಿಸುವ ತನಕ ದುಡ್ಡು ಕೊಡಬೇಡಿ. ಭಾಗ ಸಿಗದು ಎಂದು ಕಂಪನಿ ಹೇಳಿದರೆ ಅದನ್ನು ಬರವಣಿಗೆಯಲ್ಲಿ ಕೇಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಫ್ರಿಜ್ ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಿ.